ಸ್ಟೆನ್ಸಿಲ್, ಗ್ರಾಫಿಟಿ: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪ್ಯಾರಿಸ್‌ನ ಬೀದಿ ಚಿತ್ರಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಬ್ಲೆಕ್ ಲ ರಾ ಎಂಬ ಹೆಸರಿನ ಕಲಾವಿದರು 1981ರಲ್ಲಿ ಅಲ್ಲಿನ ಗೋಡೆಗಳ ಮೇಲೆ ಸ್ಟೆನ್ಸಿಲ್ ಹಿಡಿದು ಇಲಿಗಳನ್ನು ಮೂಡಿಸಲು ಶುರು ಮಾಡಿದರು. ಸ್ಟೆನ್ಸಿಲ್ ಅಂದರೆ ಚಿತ್ರದ ಆಕಾರವನ್ನು ಕೊರೆದು ತೆಗೆದ ಹಾಳೆ. ಅದನ್ನು ಗೋಡೆಗೆ ಒತ್ತಿ ಹಿಡಿದು ಸ್ಪ್ರೇ ಹೊಡೆದರೆ ಇಲಿ ಸಿದ್ಧ. ನಾನು ಮಾತ್ರ ಪದ ಸಿಗದೆ ನಿಂತಿದ್ದೇನೆ.

ಮೊದಲು ಗ್ರಾಫಿಟಿ, ಅಂದರೆ ಬೀದಿಯ ಗೋಡೆಗಳ ಮೇಲೆ ಮೂಡಿಸುವ ಬರಹ, ಚಿತ್ರ. ಇಟಾಲಿಯನ್ ಭಾಷೆಯ ‘ಗ್ರಾಫಿಯಾರೆ’ ಅಂದರೆ ಗೀರು, ಪರಚು. ಇಟಲಿಯ ಪುರಾತನ ನಗರ ಪಾಂಪೇಯಿಯ ಗೋಡೆಗಳಲ್ಲಿ ಜನ ಗೀರಿಟ್ಟ ಬರಹಗಳು ಇವತ್ತಿಗೂ ಇವೆ. ಮೂಲ ನೋಡಿದರೆ ‘ಗೀಚುಬರಹ’ ಸರಿಯೇ. ಆದರೆ ‘ಸುಮ್ನೆ ಏನೋ ಗೀಚಿದ್ದಾನೆ’ ಅಂದಾಗ ಬೆಲೆಯಿಲ್ಲದ್ದು ಎಂದೇ ಕೇಳಿಸುತ್ತದೆ ಅಲ್ವಾ? ಇಲಿಯ ಮೀಸೆಯನ್ನು ಬ್ಲೇಡಿನಿಂದ ಒಂದೊಂದಾಗಿ ಬಿಡಿಸಿದವರ ಕೆಲಸಕ್ಕೆ ಆ ಪದ ಹಾಕಲು ನನಗೆ ಮನಸ್ಸಿಲ್ಲ. ‘ಗೋಡೆಬರಹ’ದಲ್ಲಿ ಚಿತ್ರಕ್ಕೆ ಜಾಗವೇ ಇಲ್ಲ.

ಸ್ಟೆನ್ಸಿಲ್‌ಗೆ ‘ಕೊರೆಯಚ್ಚು’ ನನಗೆ ತುಂಬ ಇಷ್ಟ. ತೊಡಕು ಒಂದೇ. ‘ಅಚ್ಚು’ ಅಂದರೆ ಒತ್ತುವ ಸಾಧನವೂ ಹೌದು, ಒತ್ತಿದ ಗುರುತೂ ಹೌದು. ‘ಕೊರೆಯಚ್ಚು ಹಾಳಾಯಿತು’ ಅಂದರೆ ಹರಿದದ್ದು ಹಾಳೆಯೋ, ಅಳಿಸಿದ್ದು ಚಿತ್ರವೋ? ಹಾಳೆಗೆ ‘ಕೊರೆಯಚ್ಚು’, ಗೋಡೆಯ ಮೇಲಿನದಕ್ಕೆ ‘ಅಚ್ಚುಚಿತ್ರ’ ಎಂದು ಬೇರೆ ಮಾಡಿದರೆ ಹೇಗೆ?

ಇನ್ನೊಂದು ಪದ ನನ್ನನ್ನು ಜಾಸ್ತಿ ಕಾಡುತ್ತಿದೆ. ಕೆಲಸ ಅರ್ಥವಾಗಲಿ ಎಂದು ರಟ್ಟಿನಲ್ಲಿ ನಾನೇ ‘ರಂಗು’ ಎಂದು ಕೊರೆದೆ. ‘ರ’ದ ಹೊಟ್ಟೆ ಕಳಚಿ ಬಿತ್ತು, ಸೊನ್ನೆಯ ಒಳಗಿನ ತುಂಡೂ ಬಿತ್ತು. ಸ್ಪ್ರೇ ಹೊಡೆದಾಗ ಸೊನ್ನೆ ಇರಬೇಕಾದ ಕಡೆ ದಪ್ಪ ಬೊಟ್ಟು ಮೂಡಿತು. ಒಳತುಂಡು ಬೀಳದಂತೆ ಹೊರಗಿನ ರಟ್ಟಿಗೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಉಳಿಸಬೇಕು. ಈ ಕೆಲಸದವರು ಅದಕ್ಕೆ ‘ಬ್ರಿಡ್ಜ್’ ಅನ್ನುತ್ತಾರೆ. ‘ಸೇತುವೆ’ ಅಂದರೆ ಕಣ್ಣ ಮುಂದೆ ಹೊಳೆ ಬರುತ್ತದೆ. ‘ಕೊಂಡಿ’ ಅಂದರೆ ಸಿಕ್ಕಿಸಿ ತೆಗೆಯುವಂಥದ್ದು. ನನಗೆ ಹೊಳೆದದ್ದು ‘ತೊಟ್ಟು’. ತೊಟ್ಟು ಕಡಿದರೆ ಕಾಯಿ ಉದುರುತ್ತದೆ, ಇಲ್ಲೂ ಆಗುವುದು ಅದೇ. ‘ಸೊನ್ನೆಗೆ ಎರಡು ತೊಟ್ಟು ಬಿಡಿ’ ಅಂದರೆ ಕೊರೆಯುವವರಿಗೆ ತಕ್ಷಣ ತಿಳಿಯುತ್ತದೆ ಅನಿಸುತ್ತದೆ. ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

ಕೊನೆಯದಾಗಿ, ಹಾಳೆ ಗೋಡೆಗೆ ಸರಿಯಾಗಿ ಅಂಟದಿದ್ದರೆ ಬಣ್ಣ ಅಂಚಿನಡಿ ನುಗ್ಗಿ ಗೆರೆ ಮಸುಕಾಗುತ್ತದೆ. ಇದಕ್ಕೆ ‘ಒಸರಿದೆ’ ಅನ್ನಬಹುದೋ, ‘ಹಬ್ಬಿದೆ’ ಅನ್ನಬೇಕೋ? ಬೋರ್ಡ್ ಬರೆದು ಅಭ್ಯಾಸವಿರುವವರು ಯಾರಾದರೂ ಇದ್ದರೆ, ನೀವು ಕೆಲಸ ಮಾಡುವಾಗ ಆಡುವ ಮಾತನ್ನೇ ದಯವಿಟ್ಟು ತಿಳಿಸಿ.