ಶ್ರವಣಬೆಳಗೊಳ, ಬೇಲೂರು, ಹಳೇಬೀಡು ಒಂದೇ ದಿನದಲ್ಲಿ: 42 ಜನರ ಬಸ್ ಪ್ರವಾಸಕ್ಕೆ ಸಲಹೆ ಬೇಕು

ಪ್ರಶ್ನೆ: ಅಮಾನಿಕೆರೆ ದಂಡೆ

ತುಮಕೂರಿನ ನಮ್ಮ ಬಡಾವಣೆಯ ಮಹಿಳಾ ಸಂಘದ ವತಿಯಿಂದ ಡಿಸೆಂಬರ್ ತಿಂಗಳ ಒಂದು ಭಾನುವಾರ ಪ್ರವಾಸ ಹೊರಡುವುದೆಂದು ತೀರ್ಮಾನವಾಗಿದ್ದು, ಬಸ್ಸು ಗೊತ್ತುಮಾಡುವ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಒಟ್ಟು 42 ಜನರಿದ್ದೇವೆ. ಅವರಲ್ಲಿ 60 ವರ್ಷ ದಾಟಿದವರು 11 ಮಂದಿ, ಶಾಲೆಗೆ ಹೋಗುವ ಮಕ್ಕಳು 8 ಮಂದಿ. ಊಟ ತಿಂಡಿಯೂ ಸೇರಿ ತಲೆಗೆ 700 ರೂಪಾಯಿ ಮೀರಬಾರದೆಂಬುದು ಸಭೆಯ ಒಮ್ಮತದ ನಿರ್ಣಯ.

ಎಲ್ಲರಿಗೂ ಮುಖ್ಯವಾಗಿ ನೋಡಬೇಕಾಗಿರುವುದು ಶ್ರವಣಬೆಳಗೊಳದ ಗೊಮ್ಮಟನನ್ನು. ಆದರೆ ಅಷ್ಟು ದೂರ ಹೋದವರು ಬೇಲೂರು, ಹಳೇಬೀಡು ನೋಡದೆ ಹಿಂದಿರುಗುವುದೇ ಎಂದು ಕೆಲವರು ಪಟ್ಟು ಹಿಡಿದಿದ್ದಾರೆ. ತುಮಕೂರಿನ ಒಬ್ಬ ಬಸ್ ಮಾಲೀಕರು ಕಿ.ಮೀ.ಗೆ 55 ರೂಪಾಯಿ ಹೇಳಿದ್ದಾರೆ. ಬೆಂಗಳೂರಿನ ಇನ್ನೊಬ್ಬರು 51 ರೂಪಾಯಿಗೇ ಒಪ್ಪಿದ್ದಾರೆ. ಹೋದ ಸಲ ಬೇರೊಂದು ಊರಿಗೆ ಹೋಗಿದ್ದಾಗ, ಹಿಂದಿರುಗುವ ದಾರಿಯಲ್ಲಿ ಟೋಲ್, ಬಾಟಾ (ಚಾಲಕರ ದಿನಭತ್ಯೆ) ಎಂದೆಲ್ಲ ಲೆಕ್ಕ ಹೇಳಿ ಬಸ್ಸಿನೊಳಗೇ ತಲೆಗೆ 150 ರೂಪಾಯಿ ಹೆಚ್ಚುವರಿಯಾಗಿ ವಸೂಲು ಮಾಡಿದ್ದರು. ಆ ಕಹಿ ಇನ್ನೂ ಯಾರಿಗೂ ಮರೆತಿಲ್ಲ. ಮೂರೂ ಊರುಗಳನ್ನು ಒಂದೇ ದಿನದಲ್ಲಿ ಮುಗಿಸಬಹುದೇ, ಯಾವ ಬಸ್ಸನ್ನು ಒಪ್ಪಿಕೊಳ್ಳುವುದು ಲೇಸು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಮೇಷ್ಟ್ರು

ಮುಗಿಸಬಹುದು, ಮೇಡಂ; ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದವರು ಬೆಂಗಳೂರಿನಿಂದ ಇದೇ ಮೂರು ಊರುಗಳ ಒಂದು ದಿನದ ಪ್ರವಾಸವನ್ನು ಬಹಳ ಕಾಲದಿಂದ ನಡೆಸಿಕೊಂಡು ಬಂದಿದ್ದಾರೆ. ಆದರೆ ಬೆಳಿಗ್ಗೆ ಬೇಗ ಹತ್ತಿ ರಾತ್ರಿ ತಡವಾಗಿ ಇಳಿಯುವ ಆ ಪ್ರವಾಸ, ಗಡಿಯಾರ ನೋಡಿಕೊಂಡು ಓಡಾಡಬಲ್ಲವರಿಗೆ ಹೇಳಿ ಮಾಡಿಸಿದ್ದು. ತಮ್ಮ ಗುಂಪಿನಲ್ಲಿ ಹಿರಿಯರೂ ಮಕ್ಕಳೂ ಸೇರಿ ಅರ್ಧದ ಹತ್ತಿರ ಇದ್ದಾರೆ ಎಂಬುದನ್ನು ಮೊದಲು ಗಮನಿಸಬೇಕು.

ಸಮಯದ ಲೆಕ್ಕವನ್ನೇ ಹಾಕೋಣ. ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ ಮಾರ್ಗವಾಗಿ ಶ್ರವಣಬೆಳಗೊಳಕ್ಕೆ 110 ಕಿ.ಮೀ. ಆಸುಪಾಸು ಆಗುತ್ತದೆ. ಬೆಳಿಗ್ಗೆ 5ಕ್ಕೆ ಬಸ್ಸು ಬಿಟ್ಟರೂ, ಕೊನೆಯ ಮನೆಯವರು ಬಂದು ಕುಳಿತು, ದಾರಿಯಲ್ಲೊಂದು ಕಾಫಿ ಕುಡಿದು ತಲುಪುವಾಗ 8 ಗಂಟೆ. ವಿಂಧ್ಯಗಿರಿ, ಅಂದರೆ ದೊಡ್ಡಬೆಟ್ಟಕ್ಕೆ ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲುಗಳಿದ್ದು, ಎಲ್ಲರೂ ಚಪ್ಪಲಿ ಬಿಟ್ಟು ಹತ್ತಬೇಕು. ಹರೆಯದವರು ಅರ್ಧ ಗಂಟೆಯಲ್ಲಿ ಮೇಲಿರುತ್ತಾರೆ. ಮಂಡಿ ನೋವಿರುವವರು ಕಂಬಿ ಹಿಡಿದು, ಅಲ್ಲಲ್ಲಿ ಕುಳಿತು ಸುಧಾರಿಸಿಕೊಂಡು ಹತ್ತುವಾಗ ಅದರ ಎರಡು ಪಟ್ಟು ಹೊತ್ತು ಬೇಕಾಗುತ್ತದೆ. ಇಳಿಯುವುದು ಹತ್ತುವುದಕ್ಕಿಂತ ಸುಲಭವೆಂದು ತಿಳಿಯಬೇಡಿ. ಮಂಡಿ ಕೈಕೊಡುವುದು ಇಳಿಯುವಾಗಲೇ. 42 ಜನರು ಬಸ್ಸಿಳಿದು ಮತ್ತೆ ಬಸ್ಸು ಹತ್ತುವುದಕ್ಕೆ ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಂಡರೆ, ಅದು ಗೊಮ್ಮಟನ ಮುಖ ನೋಡಿ ಓಡಿಬಂದಂತಾಗುತ್ತದೆ.

ಮೇಲೆ ನೋಡುವುದಕ್ಕೆ ಬಹಳ ಇದೆ. ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ಮಾಡಿಸಿದ, 58 ಅಡಿ ಎತ್ತರದ ಆ ಏಕಶಿಲಾ ವಿಗ್ರಹದ ಪಾದದ ಬಳಿಯ ಶಾಸನದಲ್ಲಿ 'ಶ್ರೀ ಚಾವುಂಡರಾಜಂ ಮಾಡಿಸಿದಂ' ಎಂಬ ಸಾಲಿದೆ; ಮಕ್ಕಳಿಗೆ ಅದನ್ನು ತೋರಿಸಿ ಓದಲು ಯತ್ನಿಸಿ ಎಂದು ಹೇಳಿ. ಗುಳ್ಳಕಾಯಜ್ಜಿಯ ಮೂರ್ತಿಯ ಮುಂದೆ ನಿಂತು ಆಕೆಯ ಕಥೆ ಹೇಳಬೇಕು: ಚಾವುಂಡರಾಯ ಕೊಡಗಟ್ಟಲೆ ಹಾಲೆರೆದರೂ ತೊಡೆಯಿಂದ ಕೆಳಗಿಳಿಯದ ಅಭಿಷೇಕ, ಮುದುಕಿಯೊಬ್ಬಳು ಗುಳ್ಳಕಾಯಿಯ ಓಡಿನಲ್ಲಿ ತಂದ ಹಾಲಿನಿಂದ ಪಾದ ಮುಟ್ಟಿತಂತೆ. ದಾರಿಯಲ್ಲಿ ಸಿಗುವ ಅಖಂಡ ಬಾಗಿಲನ್ನು ಏದುಸಿರಿನಲ್ಲಿ ಹತ್ತುವವರು ಸಾಮಾನ್ಯವಾಗಿ ತಲೆಯೆತ್ತಿ ನೋಡುವುದೇ ಇಲ್ಲ. ಒಂದೇ ಬಂಡೆಯಲ್ಲಿ ಕೊರೆದ ಆ ಬಾಗಿಲಿನ ಮೇಲುಭಾಗದಲ್ಲಿ ಗಜಲಕ್ಷ್ಮಿಯಿದ್ದಾಳೆ.

ಇದಾದ ಮೇಲೆ ಹಾಸನದ ಮೂಲಕ ಬೇಲೂರಿಗೆ ಇನ್ನೂ 90 ಕಿ.ಮೀ. ಹತ್ತಿರ ಹೋಗಬೇಕು. ಊಟದ ಹೊತ್ತು ಕಳೆದು ಅಲ್ಲಿಗೆ ಮುಟ್ಟುವಾಗ ಮಧ್ಯಾಹ್ನ ಮೂರಾದೀತು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇಗುಲವನ್ನು ಮುಕ್ಕಾಲು ಗಂಟೆಯಲ್ಲಿ ನೋಡಿ, 16 ಕಿ.ಮೀ. ದೂರದ ಹಳೇಬೀಡಿಗೆ ಬೆಳಕಿರುವಾಗಲೇ ಓಡಿ, ಬಾಣಾವರ, ಅರಸೀಕೆರೆ, ತಿಪಟೂರಿನ ಮೇಲೆ ತುಮಕೂರು ಸೇರುವಾಗ ರಾತ್ರಿ ಹತ್ತೂವರೆ ದಾಟುವುದು ಖಂಡಿತ. ಬೇಲೂರಿನ ಮದನಿಕೆಯರು, ಅಂದರೆ ಸುಂದರಿಯರ ಶಿಲ್ಪಗಳು, ಇರುವುದು ಮಾಡಿನ ಅಂಚಿನ ಕೆಳಗೆ. ಕತ್ತೆತ್ತಿ ಒಬ್ಬೊಬ್ಬರನ್ನೇ ನೋಡುವ ವ್ಯವಧಾನ ಇಲ್ಲದಿದ್ದರೆ ಬೇಲೂರಿಗೆ ಹೋಗುವುದೇಕೆ? ನನ್ನ ಸಲಹೆ ಇಷ್ಟೇ: ಈ ಸಲ ಬೆಳಗೊಳ ಮಾತ್ರ ಇಟ್ಟುಕೊಳ್ಳಿ. ಬೇಲೂರು, ಹಳೇಬೀಡನ್ನು ಇನ್ನೊಂದು ದಿನ ಅರಸೀಕೆರೆ ದಾರಿಯಲ್ಲಿ ನೋಡಿ. ಆ ಪ್ರವಾಸಕ್ಕೆ ಮೊದಲು ನಮ್ಮೂರಿನ ಮಗ್ಗುಲಲ್ಲೇ ಇರುವ ಕೈದಾಳದ ಚೆನ್ನಿಗರಾಯನನ್ನೂ ನೋಡಿಕೊಂಡರೆ, ಜಕಣಾಚಾರಿಯ ಐತಿಹ್ಯ ಎರಡೂ ಊರುಗಳನ್ನು ಹೇಗೆ ಬೆಸೆದಿದೆ ಎಂಬುದು ಮಕ್ಕಳಿಗೂ ಅರ್ಥವಾಗುತ್ತದೆ. ಆದರೆ ಐತಿಹ್ಯವನ್ನು ಇತಿಹಾಸವೆಂದು ಹೇಳಿಕೊಡಬಾರದು.

ಉತ್ತರ: ಗುಬ್ಬಿ ಗೇಟ್

ಮೇಷ್ಟ್ರು ಹೊತ್ತಿನ ಲೆಕ್ಕ ಕೊಟ್ಟಿದ್ದಾರೆ. ನಾನು ಹಣದ್ದು ಕೊಡುತ್ತೇನೆ. ಬಸ್ ಬಾಡಿಗೆಯಲ್ಲಿ ಕಿ.ಮೀ. ದರ ಎಂಬುದು ಬರೀ ಮುಖ. ಅದರ ಹಿಂದೆ ಇರುವ ಷರತ್ತುಗಳನ್ನು ಕೇಳದೆ 55 ದುಬಾರಿ, 51 ಅಗ್ಗ ಎಂದು ನಿರ್ಧರಿಸಲು ಬರುವುದಿಲ್ಲ.

ಮೀಟರ್ ಓಡಲು ಶುರುವಾಗುವುದು ನೀವು ಹತ್ತಿದಲ್ಲಿಂದಲ್ಲ, ಬಸ್ಸು ತನ್ನ ಶೆಡ್ ಬಿಟ್ಟಲ್ಲಿಂದ. ಬೆಂಗಳೂರಿನ ಬಸ್ಸು ತುಮಕೂರಿಗೆ ಬರಲು 70 ಕಿ.ಮೀ., ನಿಮ್ಮನ್ನು ಇಳಿಸಿ ಹಿಂದಿರುಗಲು 70 ಕಿ.ಮೀ., ಖಾಲಿಯಾಗಿ ಓಡುವ ಈ 140 ಕಿ.ಮೀ.ಗೂ ಬಾಡಿಗೆ ನಿಮ್ಮದೇ. ಮೂರೂ ಊರುಗಳ ಸುತ್ತು 350 ಕಿ.ಮೀ. ಎಂದು ಹಿಡಿದರೆ ತುಮಕೂರಿನ ಬಸ್ಸಿಗೆ 19,250 ರೂಪಾಯಿ ಆಗುತ್ತದೆ. ಬೆಂಗಳೂರಿನ ಬಸ್ಸು 490 ಕಿ.ಮೀ. ಓಡಿ 24,990 ರೂಪಾಯಿ ಕೇಳುತ್ತದೆ. ನಾಲ್ಕು ರೂಪಾಯಿ ಉಳಿಸಲು ಹೋಗಿ ಐದು ಸಾವಿರದ ಮೇಲೆ ಕಳೆದುಕೊಂಡಂತೆ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಮಾಲೀಕರು ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಎಂದು ಇಟ್ಟಿರುತ್ತಾರೆ. ಅದು 300 ಆಗಿದ್ದರೆ, ನೀವು 220 ಓಡಿಸಿದರೂ 300ಕ್ಕೇ ಕೊಡಬೇಕು, ಅಂದರೆ 16,500. ಹಾಗಾಗಿ ಎರಡು ಊರು ಬಿಟ್ಟರೆ ಖರ್ಚು ಅರ್ಧಕ್ಕೆ ಇಳಿಯುತ್ತದೆಂದು ಸಂಘದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ತಲೆಗೆ ಉಳಿಯುವುದು 65 ರೂಪಾಯಿಯ ಆಸುಪಾಸು ಅಷ್ಟೇ. ಊರುಗಳನ್ನು ಕಡಿಮೆ ಮಾಡಬೇಕಾದದ್ದು ಮೇಷ್ಟ್ರು ಹೇಳಿದ ಕಾರಣಕ್ಕೆ, ಹಣದ ಕಾರಣಕ್ಕಲ್ಲ. ಅದರ ಜೊತೆಗೆ, ದಿನದ ಲೆಕ್ಕ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಕೇಳಿಕೊಳ್ಳಿ. ಹೆಚ್ಚಿನವರು ರಾತ್ರಿ 12ಕ್ಕೆ ಮುಗಿಸುತ್ತಾರೆ, ಅದೂ ಬಸ್ಸು ಶೆಡ್ ಸೇರುವ ಹೊತ್ತು ಹಿಡಿದು. ಹಳೇಬೀಡಿನಿಂದ ತಡವಾಗಿ ಹೊರಟು ದಾರಿಯಲ್ಲಿ ಒಂದು ಟೈರ್ ಪಂಕ್ಚರ್ ಆದರೂ ಎರಡನೆಯ ದಿನದ ಬಾಡಿಗೆಯ ಮಾತು ಬರುತ್ತದೆ.

ಚಾಲಕರ ಬಾಟಾ, ಕ್ಲೀನರ್ ಬಾಟಾ, ಟೋಲ್, ಪಾರ್ಕಿಂಗ್, ಜಿಎಸ್‌ಟಿ ಇವುಗಳಲ್ಲಿ ಯಾವುದು ದರದೊಳಗಿದೆ, ಯಾವುದು ಹೊರಗಿದೆ ಎಂಬುದನ್ನು ಮುಂಗಡ ಕೊಡುವ ಮೊದಲು ಒಂದು ಚೀಟಿಯಲ್ಲಿ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿದರೂ ನಡೆಯುತ್ತದೆ. ಹೊರಡುವಾಗ ಮೀಟರಿನ ಫೋಟೊ ತೆಗೆದಿಟ್ಟುಕೊಳ್ಳಿ. ಹೋದ ಸಲದ 150 ರೂಪಾಯಿಯ ಪ್ರಸಂಗ ಬಸ್ಸಿನೊಳಗೆ ನಡೆಯಿತೆಂದು ಬರೆದಿದ್ದೀರಿ. ಅಂಥ ವಸೂಲಿ ನಡೆಯುವುದೇ ಎಲ್ಲರೂ ಸುಸ್ತಾಗಿ ಮನೆ ಸೇರಿದರೆ ಸಾಕೆನ್ನುವ ಹೊತ್ತಿನಲ್ಲಿ.

ಕೆಎಸ್‌ಆರ್‌ಟಿಸಿಯವರೂ ಪ್ರಾಸಂಗಿಕ ಕರಾರಿನ ಮೇಲೆ, ಅಂದರೆ ಒಂದು ಪ್ರವಾಸದ ಮಟ್ಟಿಗೆ ಬಾಡಿಗೆಗೆ, ಬಸ್ಸು ಕೊಡುತ್ತಾರೆ. ತುಮಕೂರಿನಲ್ಲಿ ವಿಭಾಗೀಯ ಕಚೇರಿಯೇ ಇರುವುದರಿಂದ ಅಲ್ಲಿಯೂ ಒಮ್ಮೆ ವಿಚಾರಿಸಿ ಮೂರು ದರಗಳನ್ನು ಎದುರಿಗಿಟ್ಟುಕೊಂಡು ತೀರ್ಮಾನಿಸಿ. ಬಿಳಿ ಬೋರ್ಡಿನ ಗಾಡಿ, ಪರಿಚಯದ ಶಾಲೆಯ ಬಸ್ಸು ಎಂದೆಲ್ಲ ಅಗ್ಗದ ದಾರಿ ತೋರಿಸುವವರು ಇದ್ದೇ ಇರುತ್ತಾರೆ. ಬಾಡಿಗೆಗೆ ಓಡಿಸುವ ಪರವಾನಗಿ ಇಲ್ಲದ ಬಸ್ಸಿಗೆ ಏನಾದರೂ ಆದರೆ ವಿಮೆಯವರು ಕೈಯೆತ್ತುತ್ತಾರೆ. ಹಳದಿ ಬೋರ್ಡ್ ಇರಲೇಬೇಕು. 42 ಜನರ ಹೆಸರು, ವಯಸ್ಸಿನ ಪಟ್ಟಿಯನ್ನೂ ಚಾಲಕರ ಕೈಗೆ ಕೊಟ್ಟಿರಿ.

ಉತ್ತರ: ಕುಣಿಗಲ್ ರಸ್ತೆ

ಸದಸ್ಯರೆಲ್ಲ ಮಹಿಳೆಯರೇ ಆಗಿರುವಾಗ ಬಸ್ಸನ್ನೇ ಬಾಡಿಗೆಗೆ ಹಿಡಿಯಬೇಕೇ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಸಾರಿಗೆಯಲ್ಲಿ ಶೂನ್ಯ ಟಿಕೆಟ್ ಸಿಗುತ್ತದೆ. ಕುಣಿಗಲ್‌ನಲ್ಲಿ ಒಮ್ಮೆ, ಚನ್ನರಾಯಪಟ್ಟಣದಲ್ಲಿ ಒಮ್ಮೆ ಬಸ್ಸು ಬದಲಿಸಿದರೆ ಬೆಳಗೊಳ ತಲುಪಬಹುದು.

ಉತ್ತರ: ಗುಬ್ಬಿ ಗೇಟ್

ನಾಲ್ಕೈದು ಜನರಾದರೆ ನಿಮ್ಮ ಮಾತು ಸರಿ. ಭಾನುವಾರ ಬೆಳಿಗ್ಗೆ ಕುಣಿಗಲ್ ನಿಲ್ದಾಣದಲ್ಲಿ 42 ಜನರನ್ನು, ಅದರಲ್ಲೂ ಹಿರಿಯರನ್ನು, ತುಂಬಿ ಬರುವ ಒಂದೇ ಹಾಸನದ ಬಸ್ಸಿಗೆ ಹತ್ತಿಸುವುದು ಆಗುವ ಮಾತಲ್ಲ. ಕರಾರಿನ ಬಸ್ಸಿಗೆ ಶಕ್ತಿ ಯೋಜನೆ ಅನ್ವಯಿಸುವುದಿಲ್ಲ ಎಂಬುದನ್ನೂ ಸಂಘದವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಪ್ರಶ್ನೆ ಸಭೆಯಲ್ಲಿ ಎದ್ದೇ ಏಳುತ್ತದೆ.

ಉತ್ತರ: ಕಲ್ಪತರು ನಾಡು, ತಿಪಟೂರು

ಕನಿಷ್ಠ 300 ಕಿ.ಮೀ.ಗೆ ಹಣ ಕೊಡುವುದೇ ಆದರೆ ಉಳಿದ ಕಿ.ಮೀ.ಗಳನ್ನು ಸುಮ್ಮನೆ ಬಿಡುವುದೇಕೆ? ಹೋದ ದಾರಿಯಲ್ಲೇ ಹಿಂದಿರುಗುವ ಬದಲು ಚನ್ನರಾಯಪಟ್ಟಣದಿಂದ ನುಗ್ಗೇಹಳ್ಳಿ, ತಿಪಟೂರು, ಗುಬ್ಬಿ ಮಾರ್ಗವಾಗಿ ಬನ್ನಿ. ಒಟ್ಟು ಸುತ್ತು 240 ಕಿ.ಮೀ. ಸುಮಾರಿಗೆ ನಿಲ್ಲುತ್ತದೆ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ. ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಬೇಲೂರಿನ ಜನಜಂಗುಳಿ ಇಲ್ಲಿಲ್ಲ. ಮೂರ್ತಿಗಳೂ ಕಣ್ಣಿನ ಮಟ್ಟದಲ್ಲಿವೆ, ಹಿರಿಯರು ಕತ್ತೆತ್ತಬೇಕಾಗಿಲ್ಲ. ಹೊಯ್ಸಳರ ಕೆತ್ತನೆ ನೋಡಲೇಬೇಕೆಂದು ಪಟ್ಟು ಹಿಡಿದವರಿಗೂ ಇದರಿಂದ ಸಮಾಧಾನವಾದೀತು. ಬಾಗಿಲು ಹಾಕಿರುವ ಹೊತ್ತಿಗೆ ಹೋಗಿ ನಿಂತರೆ ಬೇಸರವಾಗುತ್ತದೆ, ಆದ್ದರಿಂದ ಅರ್ಚಕರನ್ನು ಮೊದಲೇ ವಿಚಾರಿಸಿಕೊಂಡಿರಿ.

ಅಮಾನಿಕೆರೆ ದಂಡೆ

ಎಲ್ಲರಿಗೂ ಧನ್ಯವಾದಗಳು. ಬೆಳಗೊಳ ಮತ್ತು ನುಗ್ಗೇಹಳ್ಳಿ ಎಂಬ ಸಲಹೆಯನ್ನು ಪದಾಧಿಕಾರಿಗಳು ಒಪ್ಪಿದ್ದಾರೆ. ಬೆಂಗಳೂರಿನವರನ್ನು ಶೆಡ್ಡಿನ ವಿಷಯ ಕೇಳಿದಾಗ, ಗುಬ್ಬಿ ಗೇಟ್‌ನವರು ಹೇಳಿದಂತೆಯೇ, ಬರುವ ಹೋಗುವ ಕಿ.ಮೀ. ಎರಡೂ ನಮ್ಮದೇ ಎಂದರು. ಈಗ ಉಳಿದಿರುವುದು ಎರಡು ಪ್ರಶ್ನೆ. ಬೆಟ್ಟ ಹತ್ತಲಾರದ ನಾಲ್ಕೈದು ಹಿರಿಯರು ಆ ಮೂರು ಗಂಟೆ ಏನು ಮಾಡಬೇಕು? ಊಟ ಕಟ್ಟಿಕೊಂಡು ಹೋಗುವುದೋ, ಅಲ್ಲಿಯೇ ಮಾಡುವುದೋ?

ಉತ್ತರ: ನಿವೃತ್ತ ಮೇಷ್ಟ್ರು

ಹತ್ತಲೇಬೇಕೆಂಬ ಆಸೆಯಿರುವ ಹಿರಿಯರಿಗೆ ಬೆಟ್ಟದ ಬುಡದಲ್ಲಿ ಡೋಲಿ ಸಿಗುತ್ತದೆ. ಆ ಖರ್ಚನ್ನು 700 ರೂಪಾಯಿಯೊಳಗೆ ಸೇರಿಸಲು ಹೋಗಬೇಡಿ, ಬೇಕಾದವರು ಪ್ರತ್ಯೇಕವಾಗಿ ಕೊಡಲಿ. ಉಳಿದವರಿಗೆ ಕೆಳಗೇ ನೋಡುವಂಥದ್ದು ಸಾಕಷ್ಟಿದೆ. ಎರಡು ಬೆಟ್ಟಗಳ ನಡುವಿನ ಕಲ್ಯಾಣಿಯಿದೆ, ಹುಳ್ಳರಾಜ 1159ರಲ್ಲಿ ಕಟ್ಟಿಸಿದ, 24 ತೀರ್ಥಂಕರರ ಮೂರ್ತಿಗಳಿರುವ ಭಂಡಾರಿ ಬಸದಿಯಿದೆ. ಅಕ್ಕನ ಬಸದಿಗಂತೂ ತಮ್ಮ ಸಂಘದವರು ತಪ್ಪದೆ ಹೋಗಬೇಕು: ಅದನ್ನು 1181ರಲ್ಲಿ ಕಟ್ಟಿಸಿದವಳು ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ, ಗಂಡ ಶೈವ, ಆಕೆ ಜೈನಳು. ಹಿರಿಯರ ಜೊತೆಗೆ ಮೊಬೈಲ್ ಇರುವ ಒಬ್ಬ ಕಿರಿಯರನ್ನು ಬಿಟ್ಟುಹೋಗಿ.

ಬೆಳಗಿನ ತಿಂಡಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತರಿಸುವ ಯೋಚನೆ ಯಾರಿಗಾದರೂ ಬಂದರೆ ಬಿಟ್ಟುಬಿಡಲು ಹೇಳಿ; ಐದು ಗಂಟೆಗೆ ಅದು ಸಿಗುವುದೂ ಕಷ್ಟ, ಕುಣಿಗಲ್ ದಾರಿ ಬಿಟ್ಟು ಬೇರೆ ದಿಕ್ಕಿಗೆ ಹೋಗಬೇಕು. ಪುಳಿಯೋಗರೆ, ಮೊಸರನ್ನ ಮನೆಯಿಂದಲೇ ಕಟ್ಟಿಕೊಳ್ಳಿ. ಬೆಟ್ಟ ಹತ್ತುವ ಮೊದಲು ಹೊಟ್ಟೆ ತುಂಬ ತಿನ್ನದೆ, ಇಳಿದ ಮೇಲೆ ನಿಧಾನವಾಗಿ ಊಟಕ್ಕೆ ಕುಳಿತುಕೊಳ್ಳಿ. ಚಪ್ಪಲಿಗಳನ್ನು ಬಸ್ಸಿನಲ್ಲೇ ಬಿಟ್ಟು ಮನೆಯಿಂದ ತಂದ ದಪ್ಪ ಕಾಲುಚೀಲ ಹಾಕಿಕೊಂಡರೆ ಬುಡದಲ್ಲಿ ಕೊಳ್ಳುವ ಖರ್ಚು ಉಳಿಯುತ್ತದೆ. ಡಿಸೆಂಬರ್ ಎಂದರೆ ಶಾಲಾ ಪ್ರವಾಸಗಳ ಕಾಲ. ಹತ್ತು ಗಂಟೆಯ ನಂತರ ಮೆಟ್ಟಿಲುಗಳ ಮೇಲೆ ಮಕ್ಕಳ ಸಾಲೇ ಸಾಲು. ಎಂಟಕ್ಕೆ ಮೊದಲು ಬುಡದಲ್ಲಿದ್ದರೆ ಅವರು ಹತ್ತುವಾಗ ತಾವು ಇಳಿಯುತ್ತಿರುತ್ತೀರಿ. ಹಾಗಾಗಿ ಹೊರಡುವ ಸಮಯ ಐದು ಎಂದು ಸದಸ್ಯರಿಗೆ ಹೇಳಬೇಡಿ, ನಾಲ್ಕೂವರೆ ಎಂದೇ ಹೇಳಿ.