ರಸ್ತೆ ತುದಿಯ ಮರ ಸಾಯುತ್ತಿದೆಯಂತೆ

ತಮ್ಮ ಬೆಳಿಗ್ಗೆ ಮನೆಯ ಗುಂಪಿಗೆ ರಸ್ತೆ ತುದಿಯ ಮರದ ಫೋಟೋಗಳನ್ನು ಹಾಕಿದ್ದ. ಮರದ ತುಂಬ ಗುಲಾಬಿ ಹೂವು, ಎಲೆ ಒಂದೂ ಇಲ್ಲ. ‘ನಮ್ಮ ಚೆರ್ರಿ ಬ್ಲಾಸಮ್’ ಅಂತ ಬರೆದಿದ್ದ. ಮಧ್ಯಾಹ್ನ ಅತ್ತೆಯ ಫಾರ್ವರ್ಡ್ ಬಂತು.

ಅತ್ತೆ: ಎಚ್ಚರಿಕೆ!! ಎಲೆ ಉದುರಿ ಬರೀ ಹೂವು ಬಿಟ್ಟ ಮರ ಸಾಯುವ ಮರ. ಕಾಲಕ್ಕೆ ಮುಂಚೆ ಹೂವು ಬಿಡುವುದು ಅದರ ಕೊನೆಯ ಲಕ್ಷಣ. ಇದರ ಪರಾಗ ಮೂಗಿಗೆ ಹೋದರೆ ಆಸ್ತಮಾ ಖಂಡಿತ. ಫೋಟೋ ತೆಗೆಯಲು ಮರದ ಕೆಳಗೆ ನಿಲ್ಲಬೇಡಿ. ನಿಮ್ಮವರಿಗೆಲ್ಲ ಕಳಿಸಿ!!

ಅತ್ತೆ: ನಾನು ಯಾರ ಹೆಸರೂ ಹೇಳುತ್ತಿಲ್ಲ. ಮಕ್ಕಳನ್ನು ಮರದ ಕೆಳಗೆ ನಿಲ್ಲಿಸುವವರು ಓದಲಿ.

ತಮ್ಮ: ಇದು ನನಗೇ ಅಲ್ವಾ ಅತ್ತೆ?

ಅಕ್ಕ: ಮೂಲ ಎಲ್ಲಿದೆ? ಬರೆದವರು ಯಾರು? ಯಾವ ಮರ ಅಂತಲೂ ಅದರಲ್ಲಿ ಇಲ್ಲ.

ಅತ್ತೆ: ನಮ್ಮ ವಾಕಿಂಗ್ ಗುಂಪಿನಲ್ಲಿ ಬಂತು. ಅಲ್ಲಿ ಡಾಕ್ಟರೂ ಇದ್ದಾರೆ.

ಅಕ್ಕ: ಡಾಕ್ಟರೇ ಬರೆದರಾ? ಇಲ್ಲ, ಅವರೂ ಇರುವ ಗುಂಪಿಗೆ ಯಾರೋ ಕಳಿಸಿದರಾ?

ಅತ್ತೆ: ನಿನಗೆ ಮೊದಲಿಂದಲೂ ಹೀಗೇ. ದೊಡ್ಡವರು ಏನು ಹೇಳಿದರೂ ಸಾಕ್ಷಿ ಬೇಕು.

ದೊಡ್ಡಪ್ಪ: ಎಲ್ಲರಿಗೂ ನಮಸ್ಕಾರ. ಹೂವನ್ನು ಕಣ್ಣಿನಿಂದ ನೋಡಬೇಕು, ಮೊಬೈಲಿನಿಂದ ಅಲ್ಲ. ಈಗಿನವರು ಹೂವಿಗೆ ಬೆನ್ನು ಹಾಕಿ ನಿಂತು ತಮ್ಮ ಮುಖವನ್ನೇ ತೆಗೆದುಕೊಳ್ಳುತ್ತಾರೆ. ಇದು ಯೋಚಿಸಬೇಕಾದ ವಿಷಯ.

ತಮ್ಮ: ದೊಡ್ಡಪ್ಪ, ನನ್ನ ಫೋಟೋಗಳಲ್ಲಿ ನಾನು ಇಲ್ಲವೇ ಇಲ್ಲ. ನೋಡಿದಿರಾ?

ದೊಡ್ಡಪ್ಪ: ಡೌನ್‌ಲೋಡ್ ಆಗಲಿಲ್ಲ. ಸಾಮಾನ್ಯವಾಗಿ ಹೇಳಿದೆ.

ಅಕ್ಕ: ಅದಿರಲಿ, ಆ ಮರ ಚೆರ್ರಿಯೇ ಅಲ್ಲ. ತಬೆಬುಯಾ.

ತಮ್ಮ: ನೆಟ್‌ನಲ್ಲಿ ಎಲ್ಲರೂ ಚೆರ್ರಿ ಅಂತಲೇ ಹಾಕುತ್ತಾರೆ. ನನ್ನದನ್ನು ಮಾತ್ರ ಯಾಕೆ ಹಿಡಿಯುತ್ತೀಯ?

ನಾನು: ಕೆಳಗೆ ಬಿದ್ದದ್ದನ್ನು ನೋಡು, ಗೊತ್ತಾಗುತ್ತದೆ. ಚೆರ್ರಿಯ ಎಸಳು ಒಂದೊಂದಾಗಿ ಉದುರುತ್ತದೆ. ತಬೆಬುಯಾ ಹೂವು ತುತ್ತೂರಿಯ ಆಕಾರದಲ್ಲೇ ಇಡಿಯಾಗಿ ಬೀಳುತ್ತದೆ. ನಿನ್ನ ಎರಡನೇ ಫೋಟೋದಲ್ಲಿ ನೆಲದ ಮೇಲೆ ಅವೇ ಇವೆ. ಇದರ ಮೂಲ ಮಧ್ಯ ಅಮೆರಿಕದ ಕಡೆ. ಎಲ್ ಸಾಲ್ವಡಾರ್ ದೇಶದ ರಾಷ್ಟ್ರೀಯ ಮರ ಇದು. ಚೆರ್ರಿಗೆ ಸಂಬಂಧವೇ ಇಲ್ಲ, ಆದರೆ ಚಂದಕ್ಕೇನೂ ಕಡಿಮೆ ಇಲ್ಲ. ಫೋಟೋ ಚೆನ್ನಾಗಿ ಬಂದಿದೆ ಕಣೋ.

ಚಿಕ್ಕಪ್ಪ: ಹೂವಿನ ಫೋಟೋ ಅಂದಾಗ ನೆನಪಾಯಿತು. ನಾನು ಮೊದಲ ಸಲ ಕ್ಯಾಮೆರಾ ಹಿಡಿದಾಗ ಒಂದು ರೋಲಿಗೆ 36 ಫೋಟೋ. ಗೇಟಿನ ಹತ್ತಿರದ ಮರ ಹೂವು ಬಿಟ್ಟಿತ್ತು. ಅರ್ಧ ರೋಲು ಅದಕ್ಕೇ ಹೋಯಿತು. ತೊಳೆಸಿ ತಂದರೆ ಎಲ್ಲ ಕಪ್ಪುಬಿಳುಪು! ಅಪ್ಪ ಏನು ಬೈದರು ಅಂತೀರಿ. ಆ ಕಾಲವೇ ಬೇರೆ.

ಅತ್ತೆ: ಅದೇ ರೋಲು ಅಲ್ವಾ? ನನ್ನ ನಿಶ್ಚಿತಾರ್ಥದ ದಿನ ಫಿಲ್ಮ್ ಮುಗಿದುಹೋಯಿತು ಅಂದೆ. ಇವತ್ತಿಗೂ ಆ ದಿನದ ನನ್ನ ಒಂದು ಫೋಟೋ ಇಲ್ಲ. ಮರದ ಫೋಟೋ ಮಾತ್ರ ಆಲ್ಬಮ್ ತುಂಬ ಇದೆ.

ಚಿಕ್ಕಪ್ಪ: ಅದು ಬೇರೆ ರೋಲು.

ಅತ್ತೆ: ಅದೇ.

ದೊಡ್ಡಪ್ಪ: ಹಳೆಯದನ್ನೆಲ್ಲ ಇಲ್ಲಿ ಕೆದಕಬಾರದು. ಮಕ್ಕಳೂ ಈ ಗುಂಪಿನಲ್ಲಿ ಇದ್ದಾರೆ. (ಅದೇ ರೋಲು ಅಂತ ನನಗೂ ನೆನಪು.)

ಅಕ್ಕ: ಫಾರ್ವರ್ಡ್ ಸುಳ್ಳು ಅಂತ ಒಪ್ಪಿಕೊಂಡ ಹಾಗಾಯಿತಾ? ಪ್ರತಿ ಸಲ ಹೀಗೇ ವಿಷಯ ಎಲ್ಲೆಲ್ಲೋ ಹೋಗುತ್ತದೆ.

ಅಮ್ಮ: ಸುಮ್ನೆ ಅವರ ಮೇಲೆ ಬೀಳಬೇಡ. ಅವರ ಮಗನಿಗೆ ಚಿಕ್ಕಂದಿನಲ್ಲಿ ಉಬ್ಬಸ. ಎಷ್ಟು ರಾತ್ರಿ ಅವನನ್ನು ಎತ್ತಿಕೊಂಡು ಕೂತಿದ್ದಾರೆ. ಹೆದರಿಕೆ ಇರೋದಿಲ್ವಾ?

ನಾನು: ಅಮ್ಮ ಹೇಳಿದ್ದು ಸರಿ. ಅತ್ತೆ, ನಿಮ್ಮ ಹೆದರಿಕೆ ಅರ್ಥವಾಗುತ್ತದೆ. ಆದರೆ ಪರಾಗದ ಅಲರ್ಜಿ ತರುವುದು ಹೆಚ್ಚಾಗಿ ನಮ್ಮ ಕಣ್ಣಿಗೇ ಬೀಳದ ಹೂವುಗಳು. ಹುಲ್ಲು, ಓಕ್, ಬರ್ಚ್, ಇಂಥವು. ಅವುಗಳ ಪರಾಗ ಹಗುರ, ಗಾಳಿಯಲ್ಲಿ ದೂರದೂರ ಹೋಗುತ್ತದೆ. ಇಷ್ಟು ಬಣ್ಣ ಹಾಕಿಕೊಂಡು ನಿಂತಿರುವ ಮರ ಕರೆಯುತ್ತಿರುವುದು ದುಂಬಿ, ಜೇನುಹುಳುಗಳನ್ನು. ಇಂಥ ಹೂವಿನ ಪರಾಗ ಭಾರ, ಅಂಟು. ಹುಳುವಿನ ಮೈಗೆ ಅಂಟಿ ಹೋಗುತ್ತದೆ, ಗಾಳಿಗೆ ಏಳುವುದು ಕಡಿಮೆ. ಉಬ್ಬಸ ಇರುವವರು ಹೂವನ್ನು ಮೂಗಿಗೆ ಹಿಡಿಯದಿದ್ದರೆ ಒಳ್ಳೆಯದು. ಆದರೆ ಮರದ ಕೆಳಗೆ ನಿಂತವರಿಗೆಲ್ಲ ಆಸ್ತಮಾ ಬರುತ್ತದೆ ಅನ್ನುವುದು ಸುಳ್ಳು.

ನಾನು: ಮರವೂ ಸಾಯುತ್ತಿಲ್ಲ. ಒಣ ಹವೆಯಲ್ಲಿ ತಬೆಬುಯಾ ಎಲೆ ಉದುರಿಸಿಯೇ ಹೂವು ಬಿಡುವುದು. ಎಲೆ ಅಡ್ಡ ಇಲ್ಲದಿದ್ದರೆ ಹುಳುಗಳಿಗೆ ಹೂವು ದೂರದಿಂದಲೇ ಕಾಣುತ್ತದೆ. ಚೆರ್ರಿ, ಪೀಚ್, ಪ್ಲಮ್ ಕೂಡ ಎಲೆಗೆ ಮೊದಲೇ ಹೂವು ಬಿಡುತ್ತವೆ. ಅವುಗಳ ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕಟ್ಟಿ, ಚಳಿಗಾಲವೆಲ್ಲ ಕಾದಿರುತ್ತದೆ.

ಅಕ್ಕ: ಅಂದರೆ ಪೂರ್ತಿ ಸುಳ್ಳು. ನಾನು ಹೇಳಲಿಲ್ವಾ?

ನಾನು: ಪೂರ್ತಿ ಅಲ್ಲ ಅಕ್ಕ. ಕಾಲಕ್ಕೆ ಮುಂಚೆ ಹೂವು ಬಿಡುವ ವಿಷಯ ಯೋಚನೆ ಮಾಡುವಂಥದ್ದೇ. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಅರಳಿದ ದಿನಗಳ ಲೆಕ್ಕ ಸುಮಾರು 1,200 ವರ್ಷಗಳಷ್ಟು ಹಿಂದಕ್ಕೆ ಸಿಗುತ್ತದೆ. 2021ರಲ್ಲಿ ಮಾರ್ಚ್ 26ಕ್ಕೇ ಪೂರ್ತಿ ಅರಳಿತು. ಅಷ್ಟು ಬೇಗ ಅರಳಿದ್ದು ಅಲ್ಲಿಯವರೆಗಿನ ಲೆಕ್ಕದಲ್ಲೇ ಇರಲಿಲ್ಲ. ಬಿಸಿ ಹೆಚ್ಚುತ್ತಿರುವುದು ಇದಕ್ಕೆ ಮುಖ್ಯ ಕಾರಣ. ಬೇಗ ಅರಳಿದ ಮೇಲೆ ಮತ್ತೆ ಹಿಮ ಬಿದ್ದರೆ ಹೂವು ಸುಟ್ಟ ಹಾಗಾಗಿ ಹಣ್ಣೂ ಸಿಗುವುದಿಲ್ಲ. ಅತ್ತೆಯ ಫಾರ್ವರ್ಡ್‌ನಲ್ಲಿ ಆ ಒಂದು ಸಾಲಿಗೆ ಬೆಲೆ ಕೊಡಬೇಕು.

ಅಕ್ಕ: ಕ್ಯೋಟೋದ್ದಕ್ಕೆ ಮೂಲ?

ನಾನು: ಯಾಸುಯುಕಿ ಅಓನೋ ಅಂತ ಸಂಶೋಧಕರು. ಅರಮನೆಯವರ ಹಳೆಯ ದಿನಚರಿಗಳಿಂದ ಒಂದೊಂದೇ ದಿನಾಂಕ ಹುಡುಕಿ ಸೇರಿಸಿದವರು. ಹೂವು ನೋಡಿದ ದಿನವನ್ನು ಯಾರೋ ಬರೆದಿಟ್ಟದ್ದರಿಂದ ಇವತ್ತು ಇಷ್ಟು ಗೊತ್ತಾಗುತ್ತಿದೆ. ಹಾಗಾಗಿ ಫೋಟೋ ತೆಗೆಯುವುದನ್ನು ಕೀಳಾಗಿ ನೋಡಬಾರದು ದೊಡ್ಡಪ್ಪ. ಪ್ರತಿ ವರ್ಷ ಅದೇ ಮರ, ಅದೇ ಜಾಗದಿಂದ, ತಾರೀಖಿನ ಜೊತೆ ತೆಗೆದಿಟ್ಟರೆ ಅದೂ ಒಂದು ದಾಖಲೆ.

ಅತ್ತೆ: ನೋಡಿದೆಯಾ, ನನ್ನ ಮಾತಿನಲ್ಲೂ ಸತ್ಯ ಇದೆ ಅಂತ ಅವಳೇ ಹೇಳಿದಳು.

ಅಕ್ಕ: ಒಂದು ಸಾಲು ಅತ್ತೆ. ಒಂದೇ ಸಾಲು.

ನಾನು: ನನಗೆ ನಿಜವಾಗಿ ಸಂಕಟ ಆಗುವುದು ಕೊಂಬೆ ಜಗ್ಗುವವರನ್ನು ನೋಡಿದಾಗ. ಮುಖದ ಪಕ್ಕ ಹೂವು ಬರಲಿ ಅಂತ ಎಳೆಯುತ್ತಾರೆ, ಹೂವಿನ ಮಳೆ ಬೀಳಲಿ ಅಂತ ಮರ ಅಲ್ಲಾಡಿಸುತ್ತಾರೆ. ಮುರಿದ ಕೊಂಬೆಯಲ್ಲಿ ಮುಂದಿನ ವರ್ಷ ಏನೂ ಇರುವುದಿಲ್ಲ. ಫಾರ್ವರ್ಡ್ ಮಾಡಲೇಬೇಕು ಅಂದರೆ ಇದನ್ನು ಮಾಡಿ.

ದೊಡ್ಡಪ್ಪ: ಒಂದು ಪ್ರಶ್ನೆ. ನಾನೂ ನಿನ್ನೆ ಒಂದೆರಡು ತೆಗೆದೆ. ಹೂವೆಲ್ಲ ಕಪ್ಪಾಗಿ ಬಂದಿದೆ. ಯಾಕೆ?

ತಮ್ಮ: ದೊಡ್ಡಪ್ಪ!!

ನಾನು: ಹಿಂದೆ ಬೆಳ್ಳನೆ ಆಕಾಶ ಇತ್ತಾ? ಆ ಬೆಳಕನ್ನು ನೋಡಿ ಫೋನು ಇಡೀ ಚಿತ್ರವನ್ನು ಮಂಕು ಮಾಡುತ್ತದೆ. ಹೂವಿನ ಮೇಲೆ ಬೆರಳು ಒತ್ತಿ, ಬೆಳಕಿನ ಗುರುತನ್ನು ಸ್ವಲ್ಪ ಜಾಸ್ತಿ ಮಾಡಿ. ಇಲ್ಲವಾದರೆ ಆಕಾಶ ಬಿಟ್ಟು ಗೋಡೆಯೋ ಹಸಿರು ಮರವೋ ಹಿಂದೆ ಬರುವಂತೆ ನಿಲ್ಲಿ. ಮೋಡ ಇದ್ದರೆ ಇನ್ನೂ ಒಳ್ಳೆಯದು, ಎಸಳಿನ ನೆರಿಗೆಯೂ ಕಾಣುತ್ತದೆ. ಬೆಳಿಗ್ಗೆ ಬೇಗ ಗಾಳಿಯೂ ಕಡಿಮೆ.

ದೊಡ್ಡಪ್ಪ: ಸರಿ. ನಾಳೆ ಆರೂವರೆಗೆ ಅಲ್ಲಿರುತ್ತೇನೆ. ಬರುವವರು ತಡ ಮಾಡಬಾರದು. ಜೋರು ಗಾಳಿ ಬೀಸಿದರೆ ಅರ್ಧ ಮರ ಖಾಲಿ.

ಚಿಕ್ಕಪ್ಪ: ನಾನೂ ಬರುತ್ತೇನೆ. ತಂಗಿ, ನೀನೂ ಬಾ. ಆ ಮರದ ಮುಂದೆ ನಿನ್ನ ಫೋಟೋ ನಾನೇ ತೆಗೆಯುತ್ತೇನೆ.

ಅತ್ತೆ: ಸೀರೆ ಯಾವುದು ಉಡಲಿ? ಮತ್ತೆ, ಈ ಸಲ ರೋಲು ಮುಗಿಯಿತು ಅನ್ನುವ ಹಾಗಿಲ್ಲ.