ದ್ರಾಕ್ಷಿ ಪಡಕ್ಕೆ ಹವಾಮಾನ ಯಂತ್ರ, ಆ್ಯಪ್ ಹಾಕಿಸಿದವರು ಇದ್ದೀರಾ? ಅನುಭವ ಹೇಳಿ

ತಿಕೋಟಾ ಹೊಸಬ:
ನಮಸ್ಕಾರ. ತಿಕೋಟಾ ಹತ್ತಿರ ಆರು ಎಕರೆ ಥಾಮ್ಸನ್ ದ್ರಾಕ್ಷಿ ಇದೆ. ಮೂರು ಎಕರೆ ಒಣದ್ರಾಕ್ಷಿಗೆ, ಉಳಿದದ್ದು ಹಸಿ ಮಾಲು. ಅಪ್ಪ ಈ ವರ್ಷದಿಂದ ಪಡ, ಅಂದರೆ ತೋಟ, ನನಗೆ ಬಿಟ್ಟಿದ್ದಾರೆ. ಅಕ್ಟೋಬರ್ ಚಾಟ್ನಿಗೆ (ಬಳ್ಳಿ ಕತ್ತರಿಸಲು) ಇನ್ನು ಒಂದು ತಿಂಗಳು. ಒಂದು ಕಂಪನಿಯವರು ಬಂದಿದ್ದರು. ಮಳೆ, ಎಲೆ ತೇವ, ಮಣ್ಣಿನ ತೇವ ಅಳೆಯುವ ಯಂತ್ರ ಹಾಕಿಕೊಡುತ್ತಾರಂತೆ. 48,000 ರೂಪಾಯಿ, ಆಮೇಲೆ ವರ್ಷಕ್ಕೆ 8,500 ಚಂದಾ. ಡೌನಿ ರೋಗ ಬರುವ ಮುಂಚೆಯೇ ಮೊಬೈಲಿಗೆ ಸೂಚನೆ ಬರುತ್ತದೆ, ಎಣ್ಣೆ (ಸಿಂಪಡಿಸುವ ಔಷಧಿ) ಖರ್ಚು ಕಾಲು ಭಾಗ ಉಳಿಯುತ್ತದೆ ಅನ್ನುತ್ತಾರೆ. ನನ್ನ ಪ್ರಶ್ನೆ ಎರಡೇ. ಆರು ಎಕರೆಗೆ ಒಂದು ಯಂತ್ರ ಸಾಕಾ? ನಮ್ಮ ಪಡದಲ್ಲಿ ನೆಟ್‌ವರ್ಕ್ ಒಂದೇ ಕಡ್ಡಿ ತೋರಿಸುತ್ತದೆ, ಅಷ್ಟರಲ್ಲಿ ನಡೆಯುತ್ತದಾ?

ಬಬಲೇಶ್ವರ ಕಾಕಾ:
ತಮ್ಮಾ, ಹಾಕಿಸಬೇಡ. ನಾನು ಹಾಕಿಸಿ ಕೈ ಸುಟ್ಟುಕೊಂಡವನು. ಯಾವ ಕಂಪನಿ ಅಂತ ಕೇಳಬೇಡ, ಹೇಳುವುದಿಲ್ಲ. ಲೆಕ್ಕ ಮಾತ್ರ ಹೇಳುತ್ತೇನೆ, ಬರೆದುಕೋ. ಯಂತ್ರ 52,000. ಕೂರಿಸಲು ಬಂದವರ ಕೂಲಿ, ಕಂಬ, ಸಿಮೆಂಟು 4,500. ಮೂರು ವರ್ಷದ ಚಂದಾ 27,000. ಎಲೆ ತೇವದ ಸೆನ್ಸರ್ ಕೆಟ್ಟು ಬೇರೆ ಹಾಕಿಸಿದ್ದು 6,800. ಸಿಮ್, ಆಂಟೆನಾ ಅಂತ 3,200. ಎಮ್ಮೆ ಬಂದು ಕಂಬಕ್ಕೆ ಮೈ ತಿಕ್ಕುತ್ತಿತ್ತು, ಸುತ್ತ ತಂತಿ ಬೇಲಿ 7,400. ಒಟ್ಟು 1,00,900. ಒಂದು ಲಕ್ಷ ಅಂದರೆ ಸುಳ್ಳಾಗುತ್ತದೆ, ಆ 900 ಕೂಡ ನನ್ನ ಜೇಬಿನಿಂದಲೇ ಹೋಗಿದೆ.

ಇಷ್ಟಾಗಿ ಬಂದದ್ದೇನು? ಎಲೆ ತೇವದ ಸೆನ್ಸರ್ ಅಂದರೆ ಎಲೆಯ ಹಾಗೆ ಇರುವ ಒಂದು ತಗಡು. ಬ್ಲೋವರ್ ಹೊಡೆದಾಗ ಅದರ ಮೇಲೂ ಎಣ್ಣೆ ಬೀಳುತ್ತದೆ. ಗಂಧಕ, ಬೋರ್ಡೋ ಅದಕ್ಕೆ ಮೆತ್ತಿಕೊಂಡು ಒಣಗಿತು. ಆಮೇಲೆ ನೋಡು, ರಣಬಿಸಿಲಲ್ಲಿ ‘ಎಲೆ 19 ಗಂಟೆ ಒದ್ದೆ’ ಅಂತ ಮೆಸೇಜು. ನಾನು ಮೊದಮೊದಲು ನಂಬಿ ಎರಡು ಸಲ ಎಣ್ಣೆ ಹೊಡೆದೆ. ಉಳಿಸಲು ತಂದ ಯಂತ್ರ ಎರಡು ಸುತ್ತು ಜಾಸ್ತಿ ಹೊಡೆಸಿತು.

ಮಣ್ಣಿನದ್ದು ಇನ್ನೂ ಚೆಂದ. ನಮ್ಮದು ಎರೆ ಭೂಮಿ. ಒಣಗಿದರೆ ಬಿರುಕು ಬಿಡುತ್ತದೆ, ಸೆನ್ಸರಿಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಅದು ಗಾಳಿ ಅಳೆದು ‘ನೀರು ಬಿಡಿ, ನೀರು ಬಿಡಿ’ ಅಂತ ಬಾಯಿ ಬಡಿದುಕೊಳ್ಳುತ್ತದೆ. ಬೋರು ಬತ್ತಿ ಟ್ಯಾಂಕರ್ ನೀರು ತರಿಸುತ್ತಿದ್ದ ವರ್ಷ ಅದು. ಮೊಬೈಲ್ ಎತ್ತಿ ಬಾವಿಗೆ ಹಾಕೋಣ ಅನಿಸಿತ್ತು. ಬಾವಿಯಲ್ಲೂ ನೀರಿರಲಿಲ್ಲ, ಬಿಡಿ.

ಅಥಣಿ ಎಕ್ಸ್‌ಪೋರ್ಟ್:
ಕಾಕಾ, ಸಿಟ್ಟಾಗಬೇಡಿ, ಆದರೆ ತಪ್ಪು ನಿಮ್ಮದು. ಆ ತಗಡನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಎಣ್ಣೆ ಹೊಡೆಯುವ ದಿನ ಪ್ಲಾಸ್ಟಿಕ್ ಚೀಲ ಹಾಕಿ ಮುಚ್ಚಬೇಕು. ನಾನು ಐದು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ. ಒಂದು ಸಲವೂ ಕೆಟ್ಟಿಲ್ಲ.

ನನ್ನ ಕಥೆ ಬೇರೆ. ನಾನು ಯುರೋಪಿಗೆ ಮಾಲು ಕಳಿಸುವವನು. ನಮಗೆ ಕಂಪ್ಯೂಟರ್ ಹೊಸದಲ್ಲ. ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಅಪೆಡಾದವರು 2006ರಲ್ಲೇ ಗ್ರೇಪ್‌ನೆಟ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ತಂದರು. ತೋಟಗಾರಿಕೆ ಇಲಾಖೆಯಲ್ಲಿ ಪ್ಲಾಟ್ ನೋಂದಣಿ, ಲ್ಯಾಬ್ ವರದಿ, ಪ್ಯಾಕ್‌ಹೌಸ್, ಎಲ್ಲ ಒಂದೇ ಸರಪಳಿ. ಅಲ್ಲಿ ಒಂದು ಪೆಟ್ಟಿಗೆ ಸಿಕ್ಕಿಬಿದ್ದರೆ ಇಲ್ಲಿ ಯಾರ ಪಡದ್ದು ಅಂತ ತಿಳಿಯುತ್ತದೆ. 2010ರಲ್ಲಿ ಸಿಸಿಸಿ ಅಂಶ ಸಿಕ್ಕಿತೆಂದು ಯುರೋಪಿನಲ್ಲಿ ಭಾರತದ ಕಂಟೇನರ್‌ಗಳು ನಿಂತುಬಿಟ್ಟವು, ನೆನಪಿದೆಯಾ? ಬಳ್ಳಿಯ ಓಟ ತಡೆಯಲಿ ಅಂತ ಏಪ್ರಿಲ್ ಚಾಟ್ನಿ ಆದಮೇಲೆ ನಾವೆಲ್ಲ ಹೊಡೆಯುತ್ತಿದ್ದ ಮದ್ದು ಅದು. ಆ ವರ್ಷ ನನ್ನ ಎರಡು ಎಕರೆ ಮಾಲು ಇಲ್ಲೇ ಸಿಕ್ಕಿದ ರೇಟಿಗೆ ಹೋಯಿತು. ಅಂದಿನಿಂದ ಯಾವ ದಿನ ಯಾವ ಎಣ್ಣೆ, ಎಷ್ಟು ಮಿಲಿ, ಕೊಯ್ಲಿಗೆ ಎಷ್ಟು ದಿನ ಬಾಕಿ, ಎಲ್ಲ ಬರೆಯುತ್ತೇನೆ. ಮೊದಲು ವಹಿಯಲ್ಲಿ, ಈಗ ಆ್ಯಪಿನಲ್ಲಿ. ಕೊಯ್ಲಿನ ದಿನ ಹಾಕಿದರೆ ‘ಈ ಎಣ್ಣೆ ಈಗ ಬೇಡ’ ಅಂತ ಕೆಂಪು ತೋರಿಸುತ್ತದೆ. ನನಗೆ ಅಷ್ಟು ಸಾಕು.

ಯಂತ್ರ ಬರೀ ಹೇಳುತ್ತದೆ. ಕೇಳುವವನಿಗೆ ಓದಲು ಬರಬೇಕು.

ಬಬಲೇಶ್ವರ ಕಾಕಾ:
ಓದಲು ಬರುತ್ತದೆ ಸಾಹೇಬರೇ. ನಿಮ್ಮಲ್ಲಿ ಚೀಲ ಹಾಕಲು ಆಳು ಇದ್ದಾರೆ. ನಮ್ಮಲ್ಲಿ ನಾನು, ನನ್ನ ಹೆಂಡತಿ. ರಾತ್ರಿ ಮೂರಕ್ಕೆ ಕರೆಂಟ್ ಬಂದಾಗ ನೀರು ಬಿಡಬೇಕಾ, ತಗಡಿಗೆ ಟೋಪಿ ಹಾಕಬೇಕಾ?

ನಂದಿ ತಪ್ಪಲು:
ಸಾರ್, ನಾನು ಚಿಕ್ಕಬಳ್ಳಾಪುರ ಕಡೆಯವನು. ಎರಡೂವರೆ ಎಕರೆ ಬೆಂಗಳೂರು ನೀಲಿ ದ್ರಾಕ್ಷಿ, ಒಂದು ಎಕರೆ ದಿಲ್‌ಖುಷ್ ದ್ರಾಕ್ಷಿ. ಆ್ಯಪ್ ತೆಗೆದುಕೊಂಡೆ, ವರ್ಷಕ್ಕೆ 6,000. ತೆರೆದ ಕೂಡಲೇ ಕೇಳುತ್ತದೆ: ‘ನಿಮ್ಮ ಅಕ್ಟೋಬರ್ ಚಾಟ್ನಿ ಯಾವ ದಿನ?’ ನಮ್ಮಲ್ಲಿ ಅಕ್ಟೋಬರ್ ಅಂತ ಕಾಯುವುದಿಲ್ಲ ಸ್ವಾಮಿ. ವರ್ಷಕ್ಕೆ ಎರಡು ಬೆಳೆ. ಮಾರ್ಕೆಟ್ ನೋಡಿಕೊಂಡು ಒಂದೊಂದು ತುಂಡನ್ನು ಒಂದೊಂದು ತಿಂಗಳು ಕತ್ತರಿಸುತ್ತೇವೆ. ಜುಲೈ ಅಂತ ಹಾಕಿದರೆ ‘ತಪ್ಪು ದಿನಾಂಕ’ ಅನ್ನುತ್ತದೆ. ಕೊನೆಗೆ ಸುಳ್ಳೇ ಅಕ್ಟೋಬರ್ 10 ಅಂತ ಹಾಕಿದೆ. ಗೊನೆಗೆ ಬಣ್ಣ ಬರುವ ಹೊತ್ತಿಗೆ ‘ಈಗ ಚಿಗುರು ತೆಗೆಯಿರಿ’ ಅಂತ ಸಂದೇಶ ಬಂತು. ನಮ್ಮ ಹುಡುಗರು ಇಡೀ ದಿನ ನಕ್ಕರು.

ಫೋನ್ ಮಾಡಿ ಕೇಳಿದರೆ ‘ಸರ್, ಬೆಂಗಳೂರು ನೀಲಿ ನಮ್ಮ ಪಟ್ಟಿಯಲ್ಲಿಲ್ಲ’ ಅಂದರು. ಭೌಗೋಳಿಕ ಗುರುತು ಸಿಕ್ಕಿರುವ ಹಣ್ಣು, ಇವರ ಪಟ್ಟಿಯಲ್ಲಿಲ್ಲ!

ಅಥಣಿ ಎಕ್ಸ್‌ಪೋರ್ಟ್:
ಬೆಂಗಳೂರು ನೀಲಿ ಬೀಜದ ಹಣ್ಣು, ಜ್ಯೂಸಿಗೆ ಹೋಗುವ ಮಾಲು. ಅದಕ್ಕೆ ಆ್ಯಪ್ ಯಾಕೆ ಬೇಕು?

ನಂದಿ ತಪ್ಪಲು:
ಜ್ಯೂಸಿಗೆ ಹೋಗುವ ಹಣ್ಣಿಗೆ ಡೌನಿ ಬರುವುದಿಲ್ಲವಾ? ನಿಮ್ಮ ಬೀಜ ಇಲ್ಲದ ಹಣ್ಣಿಗಿಂತ ಮುಂಚೆಯಿಂದ ನಮ್ಮಲ್ಲಿ ಚಪ್ಪರ ಇದೆ. ಸ್ವಲ್ಪ ಮಾತು ನೋಡಿಕೊಂಡು ಆಡಿ.

ಇಂಡಿ ರೋಡ್:
ನನ್ನ ಸಂಕಟ ಕೇಳಿ. ನಾನು ಯಂತ್ರ ಹಾಕಿಸಿದ್ದು ರೋಗಕ್ಕಲ್ಲ, ವಿಮೆಗೆ. ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟುತ್ತೇನೆ. 2021ರ ನವೆಂಬರಿನಲ್ಲಿ ಬಿಡದೆ ಮಳೆ ಹೊಡೆಯಿತಲ್ಲ, ಹೂವಿನ ಹಂತದಲ್ಲಿದ್ದ ಪಡ ಎಲ್ಲ ಉದುರಿತು. ಗೊನೆ ಅಲ್ಲೇ ಕೊಳೆಯಿತು. ನನ್ನ ಯಂತ್ರದಲ್ಲಿ ಒಂದೇ ರಾತ್ರಿ 62 ಮಿಮೀ. ಖುಷಿ ಅಂತ ಹೇಳಬಾರದು, ಆದರೆ ಪುರಾವೆ ಸಿಕ್ಕಿತು ಅಂದುಕೊಂಡೆ. ಪ್ರಿಂಟ್ ತೆಗೆಸಿಕೊಂಡು ಹೋದೆ. ‘ನಿಮ್ಮ ಯಂತ್ರ ನಮಗೆ ಲೆಕ್ಕಕ್ಕಿಲ್ಲ, ಪಂಚಾಯಿತಿಯ ಮಾಪಕದಲ್ಲಿ 18 ಮಿಮೀ ಇದೆ’ ಅಂದರು. ಆ ಮಾಪಕ ನನ್ನ ಪಡದಿಂದ ಏಳು ಕಿಲೋಮೀಟರ್. ಮಳೆ ಹೊಲದ ಬದು ನೋಡಿ ಬೀಳುತ್ತದೆ ಅಂತ ಅವರಿಗೆ ಯಾರು ಹೇಳಬೇಕು?

ಐದು ಸಲ ಓಡಾಡಿದೆ. ಬಸ್ಸು, ಜೆರಾಕ್ಸು, ಚಹಾ ಸೇರಿ 2,340. ಪ್ರಿಂಟ್ ತೆಗೆದವನು ಬಣ್ಣದ್ದು ಅಂತ ಪುಟಕ್ಕೆ 10 ತೆಗೆದುಕೊಂಡ. ಬಂದ ಪರಿಹಾರ ಸೊನ್ನೆ.

ಜಮಖಂಡಿ ಹಳಬ:
ಇಂಡಿ ಅಣ್ಣ, ಟರ್ಮ್ ಶೀಟ್ ಓದದೆ ವಿಮೆ ಕಟ್ಟಿದರೆ ಹೀಗೇ ಆಗುವುದು. ಯಾವ ಮಾಪಕದ ಅಂಕಿ, ಯಾವ ತಾರೀಖಿನಿಂದ ಯಾವ ತಾರೀಖು, ಎಷ್ಟು ಮಿಮೀ ದಾಟಿದರೆ ಎಷ್ಟು, ಎಲ್ಲ ಅದರಲ್ಲೇ ಇರುತ್ತದೆ. ಬೆಳೆ ವಿಮೆಯ ಸಂರಕ್ಷಣೆ ಪೋರ್ಟಲ್‌ನಲ್ಲಿ ನಿಮ್ಮ ಅರ್ಜಿ ಯಾವ ಪಂಚಾಯಿತಿಗೆ ಬಿದ್ದಿದೆ ನೋಡಿದ್ದೀರಾ? ನನ್ನ ಅಳಿಯನದ್ದು ಪಕ್ಕದ ಪಂಚಾಯಿತಿಗೆ ಬಿದ್ದಿತ್ತು.

ಇಂಡಿ ರೋಡ್:
ನೋಡಿದ್ದೇನೆ. ಸರಿಯಾಗಿಯೇ ಇತ್ತು. ಎಲ್ಲದಕ್ಕೂ ರೈತನದ್ದೇ ತಪ್ಪು ಅನ್ನುವುದಾದರೆ ನೀವೇ ಬಂದು ವಿಮೆ ಕಂಪನಿಯಲ್ಲಿ ಕೂತುಬಿಡಿ.

ಜಮಖಂಡಿ ಹಳಬ:
ನಾನು ಒಳ್ಳೆಯದಕ್ಕೆ ಹೇಳಿದೆ. ಇನ್ನು ಹೇಳುವುದಿಲ್ಲ.

ಹೊಸಬನಿಗೆ ಮಾತ್ರ ಒಂದು ಮಾತು. ದುಡ್ಡು ಕೊಟ್ಟು ಮಳೆ ಸುದ್ದಿ ಯಾಕೆ ಕೊಳ್ಳುತ್ತೀಯ? ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ವರುಣ ಮಿತ್ರಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ನಿನ್ನ ಊರಿನ ಮುನ್ಸೂಚನೆ ಹೇಳುತ್ತಾರೆ, ಹಗಲು ರಾತ್ರಿ. ಮೇಘದೂತ್ ಆ್ಯಪ್ 2019ರಿಂದ ಇದೆ, ಬಿಟ್ಟಿ. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದವರು ಹವಾಮಾನ ನೋಡಿ ಸಲಹೆ ಬರೆದು ವೆಬ್‌ಸೈಟಿಗೆ ಹಾಕುತ್ತಾರೆ, ಅದೂ ಬಿಟ್ಟಿ. ಬಿಟ್ಟಿ ಸಿಕ್ಕಿದ್ದಕ್ಕೆ ನಮ್ಮವರಿಗೆ ಬೆಲೆಯಿಲ್ಲ.

ಮಗಳು ಬೆಂಗಳೂರಿನಿಂದ:
ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅಪ್ಪನ ಪಡ ತಾಳಿಕೋಟೆ ಕಡೆ, ಐದು ಎಕರೆ. ನಾವು ಯಾವ ಯಂತ್ರವೂ ಹಾಕಿಸಿಲ್ಲ. ಅಪ್ಪ ಎಣ್ಣೆ ಹೊಡೆದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ. ಅಮ್ಮ ತಿಂಗಳಿಗೊಮ್ಮೆ ಅದರ ಫೋಟೋ ಕಳಿಸುತ್ತಾರೆ. ನಾನು ಗೂಗಲ್ ಶೀಟ್‌ಗೆ ಏರಿಸುತ್ತೇನೆ, ಅಂಗಡಿ ಬಿಲ್ಲನ್ನೂ. ಇಷ್ಟೇ ನಮ್ಮ ತಂತ್ರಜ್ಞಾನ.

ಮೊದಲ ವರ್ಷದ ಲೆಕ್ಕ ಹಾಕಿದಾಗ ಗಾಬರಿಯಾಯಿತು. ಚಾಟ್ನಿಯಿಂದ ಕೊಯ್ಲಿನವರೆಗೆ 47 ಸುತ್ತು, ಎಣ್ಣೆಗೇ 3,36,000. ಅದಕ್ಕಿಂತ ದೊಡ್ಡ ವಿಷಯ ಬೇರೆ. ಎರಡು ಬೇರೆ ಬೇರೆ ಹೆಸರಿನ ಡಬ್ಬಿ, ಎರಡೂ ಮೆಟಲಾಕ್ಸಿಲ್-ಮ್ಯಾಂಕೋಜೆಬ್ ಬೆರಕೆಯೇ. ಅಂಗಡಿಯವರು ‘ಅದು ಹಿಡಿಯದಿದ್ದರೆ ಇದನ್ನು ಹೊಡೆಯಿರಿ’ ಅಂತ ಕೊಟ್ಟಿದ್ದರು. ಅಪ್ಪ ಆರು ಸಲ ಹೊಡೆದಿದ್ದಾರೆ. ಮೆಟಲಾಕ್ಸಿಲ್ ಒಂದನ್ನೇ ನೆಚ್ಚಿಕೊಂಡರೆ ಡೌನಿ ಅದಕ್ಕೆ ಜಗ್ಗುವುದಿಲ್ಲ. ಇದು ಶೀಟಿನಲ್ಲಿ ಒಂದು ಸಾಲಿಗೆ ಬಣ್ಣ ಹಾಕಿದ ಕೂಡಲೇ ಕಂಡಿತು. ಮುಂದಿನ ವರ್ಷ 39 ಸುತ್ತಿಗೆ ಇಳಿಯಿತು. ಮಳೆ ಕಡಿಮೆಯಿತ್ತು, ಅದೂ ಒಂದು ಕಾರಣ. ಎಲ್ಲ ನನ್ನದೇ ಸಾಧನೆ ಅನ್ನುವುದಿಲ್ಲ.

ಉಪಗ್ರಹದ ಚಿತ್ರವನ್ನೂ ನೋಡಿದೆ. ಸೆಂಟಿನೆಲ್-2 ಐದು ದಿನಕ್ಕೊಮ್ಮೆ ಬರುತ್ತದೆ, ಒಂದು ಚುಕ್ಕೆ ಅಂದರೆ 10 ಮೀಟರ್ ಅಗಲ. ನಮ್ಮ ಸಾಲಿನ ನಡುವೆ ಒಂಬತ್ತು ಅಡಿ. ಆ ಒಂದು ಚುಕ್ಕೆಯಲ್ಲಿ ಮೂರು ಸಾಲು ಬಳ್ಳಿ, ನಡುವಿನ ಕಸ ಎಲ್ಲ ಸೇರಿ ಹಸಿರು ಕಾಣುತ್ತದೆ. ‘ನಿಮ್ಮ ತೋಟ ಆರೋಗ್ಯವಾಗಿದೆ’ ಅಂತ ಬಂದಿದ್ದ ವಾರ ಕಳೆ ತೆಗೆಸಿರಲಿಲ್ಲ. ಮೋಡ ಇದ್ದರೆ ಅದೂ ಇಲ್ಲ. ನಮಗೆ ಬೇಕಾಗುವುದು ಮೋಡ ಇದ್ದಾಗಲೇ ಅಲ್ವಾ?

ಅಥಣಿ ಎಕ್ಸ್‌ಪೋರ್ಟ್:
ಬೆಂಗಳೂರಿನ ಎ.ಸಿ. ರೂಮಿನಲ್ಲಿ ಕೂತು ಡೌನಿ ಓಡಿಸುವುದು ಸುಲಭ ತಂಗಿ.

ಮಗಳು ಬೆಂಗಳೂರಿನಿಂದ:
ಏಪ್ರಿಲ್ ಚಾಟ್ನಿಗೆ ರಜೆ ಹಾಕಿ ಬರುತ್ತೇನೆ ಅಣ್ಣ. ಕತ್ತರಿ ಹಿಡಿದು ಅಂಗೈಯಲ್ಲಿ ಬೊಬ್ಬೆ ಎದ್ದ ಫೋಟೋ ಕಳಿಸಲಾ?

ಬಬಲೇಶ್ವರ ಕಾಕಾ:
ಹುಡುಗಿ ಸರಿಯಾಗಿ ಹೇಳಿದಳು. ಒಂದು ಪೆನ್ಸಿಲಿನಲ್ಲಿ ಆಗುವ ಕೆಲಸಕ್ಕೆ ನಾನು 1,00,900 ಕೊಟ್ಟೆ.

ಅಥಣಿ ಎಕ್ಸ್‌ಪೋರ್ಟ್:
ಪೆನ್ಸಿಲ್ ರೋಗ ಬಂದಮೇಲೆ ಹೇಳುತ್ತದೆ ಕಾಕಾ. ಬೂದಿ ರೋಗಕ್ಕೆ ಕ್ಯಾಲಿಫೋರ್ನಿಯಾದವರು ಒಂದು ಲೆಕ್ಕ ಮಾಡಿದ್ದಾರೆ. 21ರಿಂದ 30 ಡಿಗ್ರಿ ಸತತ ಆರು ಗಂಟೆ, ಹೀಗೆ ಮೂರು ದಿನ ಬಂದರೆ ಅಪಾಯ ಶುರು. ಇದನ್ನು ಕ್ಯಾಲೆಂಡರ್ ಹೇಳುತ್ತದಾ?

ಜಮಖಂಡಿ ಹಳಬ:
ಸುಮ್ಮನಿರೋಣ ಅಂತಿದ್ದೆ. ನವೆಂಬರ್, ಡಿಸೆಂಬರಿನಲ್ಲಿ ನಮ್ಮ ಕಡೆ ಹಗಲು 21ರಿಂದ 30 ಡಿಗ್ರಿ ಇಲ್ಲದ ದಿನ ಯಾವುದು ಹೇಳಿ? ಆ ಲೆಕ್ಕದಲ್ಲಿ ದಿನಾ ಅಪಾಯವೇ. ದಿನಾ ಗಂಟೆ ಬಾರಿಸಿದರೆ ಗುಡಿ ಗಂಟೆಗೂ ಇದಕ್ಕೂ ಏನು ವ್ಯತ್ಯಾಸ?

ಅಥಣಿ ಎಕ್ಸ್‌ಪೋರ್ಟ್:
ಅದನ್ನು ನಮ್ಮ ಹವೆಗೆ ಹೊಂದಿಸಿಕೊಳ್ಳಬೇಕು. ಹೊಂದಿಸುವವರು ಇದ್ದಾರೆ. ನಾನು ಎಕರೆಗೆ 5,000 ಕೊಟ್ಟು ಸಲಹೆಗಾರರನ್ನೂ ಇಟ್ಟುಕೊಂಡಿದ್ದೇನೆ.

ನಂದಿ ತಪ್ಪಲು:
ಓಹೋ, ಯಂತ್ರ ಬೇರೆ, ಅದನ್ನು ಓದುವ ಡಾಕ್ಟರು ಬೇರೆ. ಈಗ ಗೊತ್ತಾಯಿತು ಬಿಡಿ, ಓದಲು ಬರುವವರು ಯಾರು ಅಂತ.

ಸೋಲಾಪುರ ಗಡಿ:
ಎಲ್ಲರೂ ಹಳೇ ಕಾಲದಲ್ಲಿದ್ದೀರಿ. ನಾನು ಡ್ರೋನ್ ತರಿಸಿದೆ. ಎಕರೆಗೆ 600 ಬಾಡಿಗೆ, ಹತ್ತು ನಿಮಿಷದ ಕೆಲಸ.

ಬಬಲೇಶ್ವರ ಕಾಕಾ:
ವೈ ಆಕಾರದ ಕಂಬದ ಪಡದಲ್ಲಿ ಡ್ರೋನ್ ಮೇಲಿನ ಎಲೆಗೆ ಮಾತ್ರ ಮಜ್ಜನ ಮಾಡಿಸುತ್ತದೆ. ಗೊನೆ ಇರುವುದು ಎಲೆಯ ಕೆಳಗೆ. ಡೌನಿ ಹಿಡಿಯುವುದು ಎಲೆಯ ಬೆನ್ನಿಗೆ. ಹಿಟ್ಟು ತಿಗಣೆ ತೊಗಟೆಯ ಒಳಗೆ. ನಿನ್ನ ಡ್ರೋನು ಯಾರಿಗೆ ಹೊಡೆಯಿತು?

ಸೋಲಾಪುರ ಗಡಿ:
ಮಾಲು ಚೆನ್ನಾಗಿ ಬಂತು ಕಾಕಾ. ಗೊನೆಯ ಫೋಟೋ ಹಾಕುತ್ತೇನೆ ಇರಿ.

ಇಂಡಿ ರೋಡ್:
ಗೊನೆ ಬೇಡ, ಬಿಲ್ಲಿನ ಫೋಟೋ ಹಾಕಿ. ಡ್ರೋನ್ ಆದಮೇಲೆ ಬ್ಲೋವರಿನಿಂದ ಮತ್ತೆ ಹೊಡೆದಿರೋ ಇಲ್ಲವೋ, ಅದನ್ನು ಹೇಳಿ.

ಸೋಲಾಪುರ ಗಡಿ:
ಮಳೆ ಬಂದಾಗ ಎರಡು ಸಲ ಹೊಡೆದೆ. ಅದು ಬೇರೆ ವಿಷಯ.

ತಿಕೋಟಾ ಹೊಸಬ:
ಎಲ್ಲರಿಗೂ ಧನ್ಯವಾದ. ಆದರೆ ಆರು ಎಕರೆಗೆ ಒಂದು ಸಾಕಾ, ಒಂದು ಕಡ್ಡಿ ನೆಟ್‌ವರ್ಕಿನಲ್ಲಿ ನಡೆಯುತ್ತದಾ ಅಂತ ಯಾರೂ ಹೇಳಲೇ ಇಲ್ಲ. ಕಂಪನಿಯವನು ಸೋಮವಾರ ಮತ್ತೆ ಬರುತ್ತಾನೆ.

ಮಗಳು ಬೆಂಗಳೂರಿನಿಂದ:
ಕ್ಷಮಿಸಿ ಅಣ್ಣ. ನೆಟ್‌ವರ್ಕ್ ಹೋದಾಗ ಅಂಕಿ ಯಂತ್ರದಲ್ಲೇ ಉಳಿದು ಆಮೇಲೆ ಹೋಗುತ್ತದಾ, ಇಲ್ಲಾ ಕಳೆದೇಹೋಗುತ್ತದಾ ಅಂತ ಅವನನ್ನೇ ಕೇಳಿ. ಚಂದಾ ನಿಲ್ಲಿಸಿದರೆ ಹಳೆಯ ಅಂಕಿ ನಿಮಗೆ ಸಿಗುತ್ತದಾ ಅಂತಲೂ ಕೇಳಿ. ಬರೆಸಿಕೊಳ್ಳಿ, ಬಾಯಿ ಮಾತು ಬೇಡ.

ಅಥಣಿ ಎಕ್ಸ್‌ಪೋರ್ಟ್:
ನೆಲ ಒಂದೇ ಮಟ್ಟ ಇದ್ದರೆ ಆರು ಎಕರೆಗೆ ಒಂದು ಸಾಕು. ತಗ್ಗು ಇದ್ದರೆ ತಗ್ಗಿನಲ್ಲಿ ಇಡು, ಇಬ್ಬನಿ ಅಲ್ಲೇ ಜಾಸ್ತಿ ಹೊತ್ತು ಕೂರುತ್ತದೆ. ಪಂಪ್ ಮನೆ ಪಕ್ಕ ಮಾತ್ರ ಬೇಡ. ಕಾಕಾ ಅಲ್ಲೇ ಇಟ್ಟಿರಬೇಕು.

ಬಬಲೇಶ್ವರ ಕಾಕಾ:
ಹೌದು, ಪಂಪ್ ಮನೆ ಪಕ್ಕವೇ ಇಟ್ಟಿದ್ದೆ. ಕಳ್ಳರ ಭಯ ಸಾಹೇಬರೇ.

ತಮ್ಮಾ, ಸೋಮವಾರಕ್ಕೆ ಮುಂಚೆ ಒಮ್ಮೆ ನಮ್ಮ ಪಡಕ್ಕೆ ಬಾ. ನನ್ನ ಯಂತ್ರವನ್ನು 9,000ಕ್ಕೆ ಕೊಡುತ್ತೇನೆ, ಸೋಲಾರ್ ಪ್ಲೇಟ್ ಇನ್ನೂ ಹೊಸದರ ಹಾಗಿದೆ. ಕಂಬ ಮಾತ್ರ ಕೇಳಬೇಡ. ಪಡದ ಮೂಲೆಯ ಕಂಬ ಬಾಗಿತ್ತು, ಯಂತ್ರದ ಕಂಬ ಕಿತ್ತು ಅಲ್ಲಿ ಹೂಳಿ ತಂತಿ ಬಿಗಿದಿದ್ದೇನೆ.

ಇಂಡಿ ರೋಡ್:
ಕಾಕಾ, ಮೊದಲ ಸಾಲಿನಲ್ಲಿ ಹಾಕಿಸಬೇಡ ಅಂದವರು ನೀವೇ ಅಲ್ವಾ?

ಬಬಲೇಶ್ವರ ಕಾಕಾ:
ಹೊಸದು ಹಾಕಿಸಬೇಡ ಅಂದೆ. 8,000ಕ್ಕೂ ಆಗಬಹುದು.